ದುರುಗವ್ವನ ನವಣೆ ಮಡಕೆ

ಕೇಳ್ರಪ್ಪ, ಬಹಳ ಹಿಂದೆ, ಹೊಳೆಗೆ ಸೇತುವೆ ಅನ್ನೋದೇ ಇಲ್ಲದ ಕಾಲದಲ್ಲಿ, ದಂಡೆಯ ಮೇಲೊಂದು ಊರಿತ್ತಂತೆ. ಆ ಊರಲ್ಲಿ ದುರುಗವ್ವ ಅಂತ ಒಬ್ಬ ಕುಂಬಾರತಿ ಇದ್ದಳಂತೆ. ಹುಟ್ಟುಕಿವುಡಿ. ಮಾತೂ ಇಲ್ಲ.

ಮಡಕೆ ಕೊಳ್ಳುವವರು ಏನು ಮಾಡುತ್ತಾರೆ? ಬೆರಳಿಂದ ತಟ್ಟುತ್ತಾರೆ. ಗಟ್ಟಿ ಮಡಕೆ ಠಣ್ ಅನ್ನುತ್ತದೆ, ಬಿರುಕಿದ್ದರೆ ಅನ್ನುವುದಿಲ್ಲ. ಆ ಸದ್ದೇ ಕೇಳದವಳು ಬಿರುಕನ್ನು ಹೇಗೆ ಹಿಡಿದಾಳು? ದುರುಗವ್ವ ಒಂದು ಮಡಕೆಯ ಬಾಯಿಗೆ ತೆಳು ತೊಗಲು ಬಿಗಿದು, ಮೇಲೆ ನವಣೆ ಕಾಳು ಚೆಲ್ಲಿದಳಂತೆ. ಪಕ್ಕದಲ್ಲಿ ಹೊಸ ಮಡಕೆ ತಟ್ಟಿದರೆ ಸದ್ದು ಹೋಗಿ ತೊಗಲಿಗೆ ತಾಗಬೇಕು, ತೊಗಲು ನಡುಗಬೇಕು, ಕಾಳು ಕುಣಿಯಬೇಕು. ಕುಣಿಯದಿದ್ದರೆ ಆ ಮಡಕೆಯಲ್ಲಿ ಬಿರುಕು. ಊರೆಲ್ಲ ಕಿವಿಯಿಂದ ಕೇಳಿದ್ದನ್ನು ಅವಳು ಕಣ್ಣಿಂದ ಕೇಳುತ್ತಿದ್ದಳು ಅಂತಾರೆ. ಏನು ತಲೆ ಅಂತೀರಿ! ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅವಳಿಗೊಬ್ಬಳೇ ಮಗಳು, ಸುಂಕವ್ವ. ಮದುವೆಯಾಗಿ ಆಚೆ ದಂಡೆಯ ಗಂಡನ ಮನೆಗೆ ಹೊರಟಳು. ನೆತ್ತಿ ಮೇಲೆ ಬಿಸಿಲು, ಮೋಡದ ಸುಳಿವಿಲ್ಲ. ಮಗಳು ಹರಿಗೋಲು ಹತ್ತಿ ಕೂತಳು, ಡೊಳ್ಳಿನವರು ಡೊಳ್ಳು ಇಳಿಸಿಟ್ಟರು. ಆದರೆ ದಂಡೆಗೆ ಅಂಟಿದ ದುರುಗವ್ವನ ಅಂಗಳದಲ್ಲಿ ಕಾಳು ಮಾತ್ರ ಕುಣಿಯುತ್ತಲೇ ಇತ್ತಂತೆ. ಸುತ್ತ ನೋಡಿದಳು. ತಟ್ಟುವವರು ಯಾರೂ ಇಲ್ಲ. ನೆಲಕ್ಕೆ ಅಂಗೈ ಊರಿದಳು. ನೆಲವೇ ನಡುಗುತ್ತಿತ್ತಂತೆ.

ಕುಡುಗೋಲು ಹಿಡಿದು ಓಡಿದವಳೇ ಮಗಳು ಕೂತಿದ್ದ ಹರಿಗೋಲಿನ ತೊಗಲನ್ನು ಸೀಳಿಬಿಟ್ಟಳು. ಮದುಮಗಳಿಗೆ ಅದಕ್ಕಿಂತ ದೊಡ್ಡ ಅಪಶಕುನ ಉಂಟೇ? ಬೀಗರು ಬಾಯಿಗೆ ಬಂದಂತೆ ಬೈದರು. ಅಂಬಿಗರ ಹುಲುಗಪ್ಪ, "ಮಗಳ್ನ ಕಳಸಾಕ ಮನಸಿಲ್ಲ ಇಕಿಗೆ, ಹುಚ್ಚು ಹಿಡದೈತಿ!" ಅಂದನಂತೆ. ಸೀಳಿದಲ್ಲಿ ನೀರು ನುಗ್ಗಿ, ಮಗಳು ಅಳುತ್ತಾ ದಂಡೆ ಹತ್ತಿದಳು. ತಾಯಿ ಅವಳ ರಟ್ಟೆ ಹಿಡಿದು ದಿಬ್ಬಕ್ಕೆ ಎಳೆದೊಯ್ದಳು. ಬಯ್ಯುತ್ತಲೇ ಎಲ್ಲರೂ ಹಿಂದೆ ಹೋದರು.

ಆಮೇಲೆ ಎಲ್ಲರ ಕಿವಿಗೂ ಕೇಳಿಸಿತಂತೆ. ಎಲ್ಲೋ ಮೇಲಿನ ಸೀಮೆಯಲ್ಲಿ ಸುರಿದ ಮಳೆ, ಕೆಂಪು ಹೊಳೆಯಾಗಿ ಆಳೆತ್ತರ ಎದ್ದು ಬಂತು. ಅವರು ನಿಂತಿದ್ದ ದಂಡೆಯೇ ಇಲ್ಲವಾಯಿತು. ಹುಲುಗಪ್ಪ ದುರುಗವ್ವನ ಕಾಲು ಹಿಡಿದನಂತೆ. ಅವಳಿಗೆ ಅದರ ಖಬರೇ ಇಲ್ಲ, ಮಗಳ ಮುಖ ಸವರುತ್ತಾ ಕೂತಿದ್ದಳಂತೆ.

ಈಗ ಸೇತುವೆ ಇದೆ, ಮದುಮಗಳಿಗೆ ಕಾರು ಬರುತ್ತದೆ. ಆದರೂ ನಮ್ಮ ಸೀಮೆಯಲ್ಲಿ ಮಗಳನ್ನು ಕಳಿಸುವಾಗ ಹೊಸ್ತಿಲ ಬಳಿ ತೊಗಲು ಬಿಗಿದ ಮಡಕೆ ಇಟ್ಟು ನವಣೆ ಚೆಲ್ಲುತ್ತಾರೆ. ಡೊಳ್ಳು ನಿಲ್ಲುತ್ತದೆ, ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ. ಕಾಳು ನಿಂತ ಮೇಲೇ ಮಗಳು ಹೊಸ್ತಿಲು ದಾಟಬೇಕು. ಆಗ ತಾಯಿ ಸೆರಗಿನ ಮರೆಯಲ್ಲಿ ಮೆಲ್ಲಗೆ ಮಡಕೆ ತಟ್ಟುತ್ತಾಳೆ. ಕಾಳು ಮತ್ತೆ ಕುಣಿಯುತ್ತದೆ. ಬೀಗರು ನೋಡಿಯೂ ನೋಡದವರಂತೆ ಕಾಯುತ್ತಾರೆ.