ಹಾಲೇಶ ನಂಬರು ಉಳಿಸಿದ ಕತೆ

ಮೊದಲೇ ಕ್ಷಮೆ ಕೇಳುತ್ತೇನೆ. ನನಗೆ ಕತೆ ಹೇಳಿ ರೂಢಿಯಿಲ್ಲ, ಬರೆಯುತ್ತಿರುವುದೂ ಇದೇ ಮೊದಲು. ಬೇಡದ್ದನ್ನೂ ಬಿಡಿಸಿ ಹೇಳಿಬಿಡುತ್ತೇನೆ, ಸಹಿಸಿಕೊಳ್ಳಿ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ಕೊಟ್ರಮ್ಮ ಅಂತ ಒಬ್ಬಳಿದ್ದಳು. ಭಟ್ಟಿ ಅಂದರೆ ಅಕ್ಕಿ ಹುರಿದು ಮಂಡಕ್ಕಿ ಮಾಡುವ ಜಾಗ. ಅವಳ ಮಗ ಹಾಲೇಶ ಪೆದ್ದ. ಹೇಳಿದ್ದನ್ನು ಮಾಡುವುದಿಲ್ಲ ಅಂತಲ್ಲ, ಹೇಳಿದ್ದನ್ನೇ ಮಾಡುತ್ತಾನೆ, ಅದೇ ತೊಂದರೆ. ಮಗಳು ಸುನಂದ ಎರಡು ವರ್ಷದ ಹಿಂದೆ ಲಾರಿ ಓಡಿಸುವವನನ್ನು ಮೆಚ್ಚಿ ಮದುವೆಯಾಗಿ ಹೋದಳು. ಇನ್ನು ನನಗೆ ಮುಖ ತೋರಿಸಬೇಡ ಅಂತ ಕೊಟ್ರಮ್ಮ ಸಿಟ್ಟಿನಲ್ಲಿ ಅಂದಿದ್ದಳು. ಅಂದದ್ದು ಒಂದೇ ಸಲ. ಆಮೇಲೆ ದಿನಾ ಫೋನು ನೋಡುತ್ತ ಕೂರುತ್ತಿದ್ದಳು. ಮಗಳ ನಂಬರು ಇವಳ ಹತ್ತಿರ ಇರಲಿಲ್ಲ. ಇವಳ ನಂಬರು ಮಗಳಿಗೆ ಬಾಯಿಪಾಠ. ಅಂದರೆ, ಈ ನಂಬರು ಹೋದರೆ ಮಗಳೇ ಹೋದ ಹಾಗೆ.

ಹೀಗಿರುವಾಗ ಫೋನಿನ ಕಂಪನಿಯವರು ರೇಟು ಏರಿಸಿದರು. ರೀಚಾರ್ಜ್ ಮಾಡಿಸದಿದ್ದರೆ ಕೆಲವು ದಿನಕ್ಕೆ ಬರುವ ಕರೆಯೂ ನಿಂತುಹೋಗುತ್ತದೆ. ಹಾಲೇಶ ಹೋಗಿ ಕೇಳಿದಷ್ಟು ಕೊಟ್ಟು ಬಂದ. ಕೊಟ್ರಮ್ಮ ಬೈದಳು. ಏರಿಸಿದೀವಿ ಅಂದವರ ಮುಂದೆ ತಲೆ ಆಡಿಸಬಾರದು, ಹಳೇ ರೇಟೇ ಇರಲಿ, ಇಲ್ಲಾಂದ್ರೆ ಬೇರೆ ಕಡೆ ಹೋಗ್ತೀವಿ ಅನ್ನಬೇಕು ಅಂತ ಹೇಳಿಕೊಟ್ಟಳು. ಹಾಲೇಶ ಆಗಲವ್ವ ಅಂದ.

ಮಾರನೇ ದಿನ ಭಟ್ಟಿಯ ಸಾಹುಕಾರ ಎಲ್ಲರನ್ನೂ ಕರೆದು, ಕೂಲಿ ಇಪ್ಪತ್ತು ರೂಪಾಯಿ ಏರಿಸಿದೀನಿ ಅಂದ. ಹಾಲೇಶ ಮುಂದೆ ಬಂದ.

"ಹಳೇ ರೇಟೇ ಇರಲಿ ಸಾಹುಕಾರ್ರೇ. ಇಲ್ಲಾಂದ್ರೆ ಬೇರೆ ಭಟ್ಟಿಗೆ ಹೋಗ್ತೀನಿ."

ಸಾಹುಕಾರ ಸಂತೋಷದಿಂದ ಒಪ್ಪಿಕೊಂಡ.

ಕೊಟ್ರಮ್ಮ ತಲೆ ಚಚ್ಚಿಕೊಂಡಳು. ಕಂಡಕಂಡಲ್ಲಿ ಬಾಯಿ ಬಿಡಬೇಡ, ನಮ್ಮ ವಿಷಯ ಏನಿದ್ದರೂ ಹೊರಗಿನವರಿಗೆ ಹೇಳಬೇಡ ಅಂದಳು. ಹಾಲೇಶ ಆಗಲವ್ವ ಅಂದ.

ಫೋನಿನ ಅಂಗಡಿಯ ರಿಯಾಜ್ ಒಂದು ದಾರಿ ತೋರಿಸಿದ. ಕಂಪನಿ ಬದಲಾಯಿಸಿದರೂ ನಂಬರು ಅದೇ ಉಳಿಯುತ್ತದಂತೆ. ಒಂದು ಮೆಸೇಜು ಕಳಿಸಿದರೆ ಒಂದು ಕೋಡು ಬರುತ್ತದೆ, ಅದನ್ನು ಹೊಸ ಕಂಪನಿಗೆ ಕೊಡಬೇಕು, ನಾಲ್ಕು ದಿನ ಕಳೆದರೆ ಅದು ನಡೆಯುವುದಿಲ್ಲ. ಕೋಡು ಬಂತು. ಹಾಲೇಶ ಅಂಗಡಿಗೆ ಹೋದ. ಕೋಡು ಹೇಳಪ್ಪ ಅಂದ ರಿಯಾಜ್. ಹಾಲೇಶ ತುಟಿ ಬಿಗಿದು ನಿಂತ. ರಿಯಾಜ್ ಚಹಾ ಕುಡಿಸಿದ, ಬೇಡಿಕೊಂಡ, ಹಾಲೇಶ ಬಾಯಿ ಬಿಡಲಿಲ್ಲ. ನಾಲ್ಕು ದಿನವೂ ಹೋದ, ನಾಲ್ಕು ದಿನವೂ ಸುಮ್ಮನೆ ನಿಂತು ಬಂದ. ಕೋಡು ಸತ್ತಿತು.

ಎರಡನೇ ಸಲ ಕೊಟ್ರಮ್ಮ ತಾನೇ ಜೊತೆಗೆ ಹೋದಳು. ಕೆಲಸ ಆಯಿತು, ನಂಬರು ಉಳಿಯಿತು. ರಿಯಾಜ್ ಒಂದು ಮಾತು ಹೇಳಿ ಕಳಿಸಿದ: ಈ ರೇಟು ಮೂರು ತಿಂಗಳಿಗೆ ಮಾತ್ರ. ಆಮೇಲೆ ಇವರೂ ಏರಿಸುತ್ತಾರೆ. ಇನ್ನು ಬೇರೆ ಕಂಪನಿಯವರೂ ಫೋನು ಮಾಡಿ ಆಸೆ ತೋರಿಸುತ್ತಾರೆ. ಯಾರು ಮಾಡಿದರೂ ಮೂರು ತಿಂಗಳಾದ ಮೇಲೆ ಏನು ಅಂತ ಕೇಳು. ಹೆಚ್ಚಾಗುತ್ತೆ ಅಂದರೆ ಬೇಡ ಅಂತ ಇಟ್ಟುಬಿಡು. ಹಾಲೇಶ ಆಗಲಣ್ಣ ಅಂದ.

ಒಂದು ಭಾನುವಾರ ಮಧ್ಯಾಹ್ನ ಫೋನು ಬಂತು. ಗುರುತಿಲ್ಲದ ನಂಬರು.

"ಹಾಲೇಶ, ನಾನು ಕಣೋ, ಸುನಂದಕ್ಕ."

"ಅದಿರಲಿ. ಮೂರು ತಿಂಗಳಾದ ಮೇಲೆ ಏನು?"

ಆ ಕಡೆ ಸುನಂದ ಬೆರಗಾದಳು. "ನಿನಗೆ ಯಾರು ಹೇಳಿದರೋ? ಹೌದು, ಇನ್ನು ಮೂರು ತಿಂಗಳಿಗೆ ಹೆರಿಗೆ. ನಾವು ಇಬ್ಬರಿದ್ದವರು ಮೂವರಾಗ್ತೀವಿ."

"ಹೆಚ್ಚಾಗುತ್ತೆ ಅಂದ್ರೆ ಬೇಡ" ಅಂತ ಹಾಲೇಶ ಇಟ್ಟುಬಿಟ್ಟ.

ವಿಷಯ ಕೇಳಿ ಕೊಟ್ರಮ್ಮ ಬೈಯಲೂ ಇಲ್ಲ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಮಗಳು ಅದಕ್ಕೇ ಫೋನು ಮಾಡಿದ್ದಾಳೆ. ಆದರೆ ಮುಖ ತೋರಿಸಬೇಡ ಅಂದ ಬಾಯಿಂದ ಬಾ ಅನ್ನುವುದು ಹೇಗೆ? ಫೋನನ್ನು ಹಾಲೇಶನ ಕೈಗೇ ಕೊಟ್ಟಳು.

"ನೀನೇ ಮಾಡೋ ನನ್ನಪ್ಪ. ನಿನ್ನ ಬುದ್ಧಿ ಏನೂ ಓಡಿಸಬೇಡ. ಅವಳು ಏನು ಕೇಳಿದರೂ ಹೂಂ ಅನ್ನು."

ಹಾಲೇಶ ಮಾಡಿದ. ಬಾಣಂತನಕ್ಕೆ ಅಲ್ಲಿಗೆ ಬರೋ ಆಸೆ ಕಣೋ, ಬರಲಾ ಅಂದಳು ಅಕ್ಕ.

"ಹೂಂ."

ಮಗನ ಹೂಂ ಮಾತ್ರ ಕೇಳಿಸುತ್ತಿದ್ದ ಕೊಟ್ರಮ್ಮ ಎದ್ದು ಅಟ್ಟದ ಮೇಲಿನ ತೊಟ್ಟಿಲಿಗೆ ಕೈ ಹಾಕಿದಳು.

"ಅವ್ವಗೆ ಇನ್ನೂ ನನ್ನ ಮೇಲೆ ಸಿಟ್ಟೇನೋ?"

"ಹೂಂ."

ಕೊಟ್ರಮ್ಮ ತೊಟ್ಟಿಲು ಇಳಿಸಿ ಸೆರಗಿನಲ್ಲಿ ಧೂಳು ಒರೆಸಿದಳು.

"ಹಂಗಾದ್ರೆ ನಾನು ಬರೋದು ಬೇಡವಾ?"

"ಹೂಂ."

ಆ ಕಡೆ ಫೋನು ಇಟ್ಟ ಸದ್ದಾಯಿತು. ಏನಂದಳೋ ಅಂತ ಕೊಟ್ರಮ್ಮ ಕೇಳಿದಳು. ಏನು ಕೇಳಿದರೂ ಹೂಂ ಅಂದೆನವ್ವ ಅಂದ ಹಾಲೇಶ. ಅವಳು ಎರಡು ವರ್ಷದಲ್ಲಿ ಮೊದಲ ಸಲ ಅವನ ತಲೆ ಸವರಿದಳು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಮಗಳ ನಂಬರು ಈಗ ಇವರ ಫೋನಿನಲ್ಲೇ ಇತ್ತು, ಕೊಟ್ರಮ್ಮ ಯಾವಾಗ ಬೇಕಾದರೂ ಮಾಡಬಹುದಿತ್ತು. ಮಾಡಲಿಲ್ಲ. ಯಾಕೆ ಅಂದರೆ... ಬಂದೆ, ಬಂದೆ, ಒಂದು ನಿಮಿಷ. ಒಳಗಿಂದ ಕರೆಯುತ್ತಿದ್ದಾರೆ, ಹೋಗಲೇಬೇಕು. ಯಾಕೆ ಅಂದರೆ, ಅವಳ ಪ್ರಕಾರ ಮಗಳು ಆಗಲೇ ಬಸ್ಸು ಹತ್ತಿ