ಗೋಡೆಯಾಚೆಯ ಕಲ್ಲುಗಳು

ಹೊಳೆ ದಂಡೆಯ ಒಂದು ಊರು. ಊರಿಗೊಂದು ಚರ್ಚು. ಚರ್ಚಿಗೊಬ್ಬ ಮುದಿ ಗುರು, ಗುರುವಿಗೊಬ್ಬ ಹೊಸ ಶಿಷ್ಯ.

ಗುರುವಿನ ಹೆಸರು ಫಾದರ್ ಬಲ್ತಜಾರ್. ಮಾತು ಕಮ್ಮಿ.

ಶಿಷ್ಯ ಬ್ರದರ್ ಇನ್ನಾಸಪ್ಪ. ವಯಸ್ಸು ಇಪ್ಪತ್ಮೂರು. ಗುರುಮಠದ ಓದಿನ ನಡುವೆ ಒಂದು ವರ್ಷ ಮಿಷನ್ ಕೆಲಸ ಕಲಿಯಲು ಬಂದವನು. ಅವನಿಗೆ ಪ್ಲಾನು ಜಾಸ್ತಿ.

ಬೆಳಿಗ್ಗೆ ಐದೂವರೆಗೆ ಗಂಟೆ ಹೊಡೆಯುವವನು ಅವನೇ. ಪೂಜೆಗೆ ಮೇಣದ ಬತ್ತಿ ಹಚ್ಚುವವನೂ ಅವನೇ. ಉಪ್ಪಿಟ್ಟು ಮಾಡುವವನೂ ಅವನೇ. ಆ ಉಪ್ಪಿಟ್ಟನ್ನು ಚರ್ಚಿನ ನಾಯಿ ಮೂಸಿ, ಸ್ವಲ್ಪ ಯೋಚನೆ ಮಾಡಿ, ಹೋಗಿ ಮಲಗಿಬಿಡುತ್ತಿತ್ತು. ಗುರು ಮಾತ್ರ ದಿನಾ ತಿನ್ನುತ್ತಿದ್ದರು. ಸಂತನಾಗುವುದು ಸುಮ್ಮನೆ ಅಲ್ಲ.

ತಿಂಡಿ ಆದಮೇಲೆ ಸೈಕಲ್ ಹತ್ತಿ ಮನೆ ಭೇಟಿ. ಜ್ವರದವರಿಗೆ ಮಾತ್ರೆ, ಮಕ್ಕಳಿಗೆ ಧರ್ಮೋಪದೇಶ, ಮುದುಕಿಯರಿಗೆ ನಗು. ನಗಿಸುವುದರಲ್ಲಿ ಇನ್ನಾಸಿ ಎತ್ತಿದ ಕೈ. ಬಿಷಪ್ಪರು ಉಪದೇಶದ ನಡುವೆ ಸೀನುವುದನ್ನು ಥೇಟ್ ಹಾಗೇ ಸೀನಿ ತೋರಿಸುತ್ತಿದ್ದ. ಹಲ್ಲಿಲ್ಲದ ಬಾಯಿಗಳೆಲ್ಲ ಹೋ ಅಂತ ತೆರೆದುಕೊಳ್ಳುತ್ತಿದ್ದವು.

ಪ್ಲಾನುಗಳನ್ನು ಅವನು ಹಳೇ ಕ್ಯಾಲೆಂಡರಿನ ಹಿಂದೆ ಬರೆದು ಗೋಡೆಗೆ ಅಂಟಿಸಿದ್ದ. ಸಂಜೆ ಟ್ಯೂಷನ್. ಹೆಂಗಸರಿಗೆ ಹೊಲಿಗೆ. ಜಪಸರಕ್ಕೆ ಮೈಕು. ಎಲ್ಲಕ್ಕಿಂತ ಮೇಲೆ ಕೆಂಪು ಇಂಕಿನಲ್ಲಿ: ಲೂರ್ದು ಮಾತೆಯ ಗವಿ.

ಒಂದು ದಿನ ಗುರು ಅದನ್ನೆಲ್ಲ ನಿಂತು ಓದಿದರು.

“ಹೇಗಿದೆ ಫಾದರ್?”

“ಅಕ್ಷರ ಚೆನ್ನಾಗಿದೆ.”

“ಪ್ಲಾನು?”

“ಇಷ್ಟೊಂದು ಬರೆದಿದ್ದೀಯ. ಯಾರನ್ನು ಕೇಳಿ ಬರೆದೆ?”

“ಒಳ್ಳೇ ಕೆಲಸಕ್ಕೆ ಯಾರನ್ನು ಕೇಳಬೇಕು ಫಾದರ್?”

ಗುರು ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ಓದಿದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಮಾರನೇ ದಿನ ಆಪರೇಷನ್ನಿಗೆ ಬಸ್ಸು ಹತ್ತಿ ಪಟ್ಟಣಕ್ಕೆ ಹೋದರು. ಇಪ್ಪತ್ತು ದಿನ ಬರಲಿಲ್ಲ. ಭಾನುವಾರದ ಪೂಜೆಗೆ ಪಕ್ಕದೂರಿನ ಗುರು ಬಂದು ಹೋಗುತ್ತಿದ್ದರು.

ಇಪ್ಪತ್ತು ದಿನ ಅಂದರೆ ಇನ್ನಾಸಿಗೆ ಒಂದು ಯುಗ.

ಮಾತೆಯ ಪ್ರತಿಮೆ ನಿಲ್ಲಿಸುವ ಗವಿ ಕಟ್ಟಲು ಒರಟು ಕಲ್ಲು ಬೇಕು. ಕೆತ್ತಿದ ಕಲ್ಲು ಆಗದು, ಗುಡ್ಡದ ಗವಿಯ ಹಾಗೆ ಕಾಣಬೇಕಲ್ಲ. ಅವನು ಊರೆಲ್ಲ ಹುಡುಕಿದ. ಕೊನೆಗೆ ಸಮಾಧಿ ತೋಟದ ಗೋಡೆಯ ಹಿಂದೆ, ಹೊಂಗೆ ಮರದ ಕೆಳಗೆ ಸಿಕ್ಕವು. ತೆಂಗಿನಕಾಯಿ ಗಾತ್ರದವು, ಕುಂಬಳಕಾಯಿ ಗಾತ್ರದವು. ಅಲ್ಲೊಂದು ಇಲ್ಲೊಂದು, ಹುಲ್ಲಿನಲ್ಲಿ ಅರ್ಧ ಹೂತು ಬಿದ್ದಿದ್ದವು. ಯಾವುದರ ಮೇಲೂ ಹೆಸರಿಲ್ಲ, ಶಿಲುಬೆಯಿಲ್ಲ.

“ದೇವರೇ ಇಟ್ಟಿದ್ದಾನೆ ನನಗೋಸ್ಕರ,” ಅಂದುಕೊಂಡ.

ಎಲ್ಲ ಕಿತ್ತು ಕೈಗಾಡಿಯಲ್ಲಿ ತಂದ. ಸಾಲದ್ದಕ್ಕೆ ಬೇರೆ ಕಲ್ಲು ಹೊಳೆಯಿಂದ ತಂದ. ಉತ್ಸಾಹಕ್ಕೆ ಅಲ್ಲಿನ ಕಳ್ಳಿ ಗಿಡ ಕಡಿದ, ಹುಲ್ಲು ಕೆರೆದ, ನೆಲ ಮಟ್ಟ ಮಾಡಿ ಕೈ ತೊಳೆದುಕೊಂಡ.

ಮೇಸ್ತ್ರಿ ಹೊರಗಿನ ಊರಿನವನು. ಒಂದು ಕಲ್ಲು, ಒಂದು ಮಗ್ಗುಲು ಚಪ್ಪಟೆಯಾದದ್ದು, ಎಲ್ಲಿಟ್ಟರೂ ಕೂರಲಿಲ್ಲ.

“ಇದು ಬಗ್ಗಲ್ಲ ಬ್ರದರ್,” ಅಂದ ಮೇಸ್ತ್ರಿ.

“ಗರ್ವ ಜಾಸ್ತಿ ಅದಕ್ಕೆ. ತಲೆ ಮೇಲೆ ಒಂದು ಕೊಡಿ!”

ಮೇಸ್ತ್ರಿ ನಕ್ಕ. ಸುತ್ತಿಗೆಯಿಂದ ಕೊಟ್ಟ. ಚೂರುಗಳು ಸಂದಿ ತುಂಬಲು ಆದವು.

ಸತ್ತವರನ್ನು ನೆನೆಯುವ ಸಕಲ ಆತ್ಮಗಳ ದಿನಕ್ಕೆ ಒಂದು ದಿನ ಇದೆ ಅನ್ನುವಾಗ ಗುರು ಬಸ್ಸಿಂದ ಇಳಿದರು. ಕಪ್ಪು ಕನ್ನಡಕ.

“ಹೀರೋ ಬಂದ ಹಾಗಾಯ್ತು ಫಾದರ್! ಬನ್ನಿ, ನಿಮಗೊಂದು ತೋರಿಸಬೇಕು.”

ಗವಿಗೆ ಹೊದಿಸಿದ್ದ ತಾಡಪಾಲನ್ನು ಇನ್ನಾಸಿ ಎಳೆದು ಬೀಳಿಸಿದ. ಗುರು ಕನ್ನಡಕ ತೆಗೆದರು. ಹೊಸ ಕಣ್ಣಿಂದ ಬಹಳ ಹೊತ್ತು ನೋಡಿದರು.

“ಕಲ್ಲು ಎಲ್ಲಿಯವು?”

“ಗೋಡೆ ಹಿಂದೆ, ಹೊಂಗೆ ಮರದ ಕೆಳಗೆ. ಸುಮ್ಮನೆ ಬಿದ್ದಿದ್ದವು ಫಾದರ್.”

ಗುರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

“ತಲೆ ಸುತ್ತುತ್ತಾ ಫಾದರ್? ನೀರು ತರಲಾ?”

“ನಾಳೆ ಸಂಜೆ,” ಅಂದರು ಗುರು, “ಸಮಾಧಿಗಳ ಆಶೀರ್ವಾದ ಮುಗಿದ ಮೇಲೆ ಎಲ್ಲರೂ ಹೋಗುತ್ತಾರೆ. ನೀನು ಹೋಗಬೇಡ. ಗೋಡೆ ಹಿಂದೆ ನಿಂತಿರು.”

“ಯಾಕೆ, ದೆವ್ವ ಬರುತ್ತಾ?”

ಗುರು ನಗಲಿಲ್ಲ. ಅಂದು ಊಟವನ್ನೂ ಮಾಡಲಿಲ್ಲ. ತನ್ನ ಸಾರಿನ ತಪ್ಪೇ ಇರಬೇಕು ಅಂದುಕೊಂಡ ಇನ್ನಾಸಿ.

ಮಾರನೇ ಸಂಜೆ ಸಮಾಧಿ ತೋಟದ ತುಂಬ ಚೆಂಡುಹೂವು, ಮೇಣದ ಬತ್ತಿ, ಸಾಂಬ್ರಾಣಿ ಹೊಗೆ. ಗುರು ಒಂದೊಂದೇ ಸಮಾಧಿಗೆ ತೀರ್ಥ ಚಿಮುಕಿಸಿದರು. ಜನ ಅತ್ತರು, ಮೂಗು ಒರೆಸಿಕೊಂಡರು, ಮನೆಗೆ ಹೋದರು.

ಇನ್ನಾಸಿ ಗೋಡೆ ಹಿಂದೆ ಬಂದು ನಿಂತ. ಹೊಳೆಯ ಕಡೆ ಇನ್ನೂ ಬೆಳಕಿತ್ತು.

ಆಗ ಹಿತ್ತಿಲ ದಾರಿಯಿಂದ ಒಬ್ಬಳು ಬಂದಳು. ಹಿಂದೆಯೇ ಇನ್ನೊಬ್ಬಳು. ಏಳು ಜನ ಹೆಂಗಸರು, ಎಲ್ಲ ವಯಸ್ಸಾದವರು. ಗಾಳಿಗೆ ಆರದ ಹಾಗೆ ಮೇಣದ ಬತ್ತಿಯನ್ನು ಸೆರಗಿನ ಮರೆಯಲ್ಲಿ ಹಿಡಿದಿದ್ದರು. ಎಲ್ಲ ಅವನು ನಗಿಸಿದ ಮುಖಗಳೇ.

ಅವರು ನೆಲ ನೋಡಿದರು. ಮುಖ ಮುಖ ನೋಡಿಕೊಂಡರು. ಬಗ್ಗಿ, ಸಣ್ಣಗೆ ಸುತ್ತಾಡಿದರು, ಓಲೆ ಕಳೆದುಕೊಂಡವರ ಹಾಗೆ.

ಚೌರಮ್ಮ ಅವನನ್ನು ಕಂಡಳು. ಮೀನು ಮಾರುವ ಚೌರಮ್ಮ. ಅವನನ್ನು ಕಂಡಾಗಲೆಲ್ಲ “ನಮ್ಮ ಸೀನೋ ಬಿಷಪ್ಪು ಬಂದ್ರು” ಅಂತ ರೇಗಿಸುವವಳು.

“ಬ್ರದರಪ್ಪಾ, ಇಲ್ಲೊಂದು ಕಲ್ಲಿತ್ತು. ಕಳ್ಳಿ ಗಿಡದಿಂದ ಮೂರು ಹೆಜ್ಜೆ. ಒಂದು ಮಗ್ಗುಲು ಚಪ್ಪಟೆ. ನೋಡಿದ್ರಾ?”

“ಯಾವ ಕಲ್ಲಮ್ಮ?”

“ನನ್ ಮಗ ಕಣಪ್ಪ.”

ಇನ್ನಾಸಿ ಒಂದು ಹೆಜ್ಜೆ ಹಿಂದೆ ಸರಿದ.

“ತಲೆ ಮೇಲೆ ನೀರು ಬೀಳೋಕ್ ಮುಂಚೆನೇ ಹೋಗ್ಬಿಡ್ತು,” ಅಂದಳು ಚೌರಮ್ಮ. “ಸ್ನಾನದೀಕ್ಷೆ ಆಗಿರ್ಲಿಲ್ಲ. ಒಳಗೆ ಜಾಗ ಇಲ್ಲ ಅಂದ್ರು. ಇಲ್ಲಿರೋವೆಲ್ಲ ಅಂಥವೇ. ಹೆಸರಿಲ್ದವು.”

ಅವಳು ಮತ್ತೆ ಹುಡುಕಲು ಬಗ್ಗಿದಳು. ಬತ್ತಿ ಕೈಯಲ್ಲೇ ಕರಗುತ್ತಿತ್ತು.

ಇನ್ನಾಸಿ ಗುರುಮನೆಗೆ ಓಡಿದ.

“ಫಾದರ್, ನನಗ್ಯಾರೂ ಯಾಕೆ ಹೇಳಲಿಲ್ಲ? ದಿನಾ ಅವರ ಮನೆಗೆ ಹೋಗ್ತೀನಿ. ಚೌರಮ್ಮ ಮೀನು ಸಾರು ಹಾಕ್ತಾರೆ, ಬೈತಾರೆ, ನಗ್ತಾರೆ. ಒಂದು ಮಾತು ಹೇಳಬಾರದಿತ್ತಾ?”

“ಯಾರಿಗೂ ಹೇಳಬೇಡಿ ಅಂತ ಆವತ್ತು ನಾನೇ ಹೇಳಿದ್ದೆ.”

ಇನ್ನಾಸಿ ಹೊಸ್ತಿಲ ಮೇಲೆ ಕೂತ.

“ಮೂವತ್ತೆಂಟು ವರ್ಷದ ಹಿಂದೆ,” ಅಂದರು ಗುರು, “ನಾನು ಇದೇ ಊರಿಗೆ ಹೊಸ ಗುರುವಾಗಿ ಬಂದೆ. ನಿನ್ನ ಹಾಗೇ. ಚೌರಮ್ಮನ ಗಂಡ ಮಗುವನ್ನು ಟವೆಲಿನಲ್ಲಿ ಸುತ್ತಿ ತಂದ. ಸಮಾಧಿ ತೋಟದ ಗೇಟಿನಲ್ಲಿ ನಿಂತ. ಆಗಲೇ ನಿಯಮ ಸಡಿಲವಾಗುತ್ತಿತ್ತು. ನಾನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಗೇಟು ಹಾಕಿದೆ.”

“ಆಮೇಲೆ?”

“ಆಮೇಲೆ ಬೇರೆ ಊರು, ಬೇರೆ ಊರು. ಮುದುಕನಾಗಿ ಇಲ್ಲಿಗೇ ಬಂದೆ. ದಿನಾ ಅವಳಿಗೆ ಪರಮಪ್ರಸಾದ ಕೊಡುತ್ತೇನೆ. ನಾಲಿಗೆ ಚಾಚುತ್ತಾಳೆ, ಆಮೆನ್ ಅನ್ನುತ್ತಾಳೆ. ಯಾಕೆ ಗೇಟು ಹಾಕಿದಿರಿ ಅಂತ ಒಂದು ದಿನವೂ ಕೇಳಲಿಲ್ಲ. ನನಗೂ ಹೇಳಲು ಬಾಯಿ ಬರಲಿಲ್ಲ.”

ಬೆಳಿಗ್ಗೆ ಪೂಜೆ ಮುಗಿದದ್ದೇ ಇನ್ನಾಸಿ ಹಾರೆ ತಂದು ಗವಿಯ ಮುಂದೆ ನಿಂತ.

“ಕೆಡವಿಬಿಡ್ತೀನಿ ಫಾದರ್.”

“ಕಟ್ಟುವಾಗ ಕೇಳಲಿಲ್ಲ. ಕೆಡವುವಾಗಲೂ ಕೇಳುವುದಿಲ್ಲವಾ?”

ಇನ್ನಾಸಿ ಹಾರೆ ಕೆಳಗಿಟ್ಟ. ಸೈಕಲ್ ಹತ್ತಲಿಲ್ಲ. ನಡೆದೇ ಹೊರಟ.

ಮೊದಲ ಮನೆ ಮದಲೇನಮ್ಮನದು. ಅವಳು ಕಣ್ಣೊರೆಸಿಕೊಂಡು, “ಮಾತೆ ಪಾದದ ಹತ್ರ ಐತೇನಪ್ಪ? ಹಂಗಾದ್ರೆ ಅಲ್ಲೇ ಇರ್ಲಿ ಬುಡು. ಇಲ್ಲಿಗಂಟ ಬಿಸ್ಲಲ್ಲೇ ಬಿದ್ದಿತ್ತು,” ಅಂದಳು.

ಎರಡನೇ ಮನೆಯ ಬಾಗಿಲು ತೆರೆಯಲಿಲ್ಲ. ಒಳಗೆ ಯಾರೋ ಇದ್ದರು. ಉಸಿರು ಕೇಳುತ್ತಿತ್ತು.

ಮೂರನೇ ಮನೆಯವಳು ಮಾತಾಡದೆ ಅವನ ಜೊತೆ ಬಂದಳು. ಗವಿಯಲ್ಲಿ ತನ್ನ ಕಲ್ಲನ್ನು ಒಂದೇ ನೋಟಕ್ಕೆ ಗುರುತಿಸಿದಳು. ಅವನು ಸಿಮೆಂಟು ಕೆತ್ತಿ ಬಿಡಿಸಿ ಕೊಟ್ಟ. ಅವಳು ಅದನ್ನು ಸೊಂಟದ ಮೇಲೆ ಎತ್ತಿಕೊಂಡು ಹೋದಳು. ಕಲ್ಲನ್ನು ಯಾರೂ ಹಾಗೆ ಎತ್ತಿಕೊಳ್ಳುವುದಿಲ್ಲ.

ಉಳಿದವರು ಬಂದರು. ಕೆಲವರಿಗೆ ಸಿಕ್ಕಿತು. ಒಬ್ಬಳು ಇದೇ ಇರಬೇಕು ಅಂದುಕೊಂಡು ಒಂದನ್ನು ತೆಗೆದುಕೊಂಡಳು.

ಕೊನೆಗೆ ಬಂದವಳು ಚೌರಮ್ಮ. ಮೀನಿನ ಬುಟ್ಟಿ ಇಳಿಸಿ, ಕೈ ಸೀರೆಗೆ ಒರೆಸಿಕೊಂಡು, ಗವಿಯ ಒಂದೊಂದು ಕಲ್ಲನ್ನೂ ಮುಟ್ಟಿದಳು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ.

“ಇಲ್ಲ. ಚಪ್ಪಟೆ ಮಗ್ಗುಲು ಇಲ್ಲ.”

ಇನ್ನಾಸಿ ಸುಳ್ಳು ಹೇಳಬಹುದಿತ್ತು. ಗವಿಯ ಹಿಂಭಾಗದಲ್ಲಿದೆ ಅನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

“ಒಡೆಸಿಬಿಟ್ಟೆ ಅಮ್ಮ. ಕೂರಲಿಲ್ಲ ಅಂತ. ತಲೆ ಮೇಲೆ ಒಂದು ಕೊಡಿ ಅಂದೆ. ತಮಾಷೆಗೆ.”

ಚೌರಮ್ಮ ಗವಿಯಿಂದ ಕೈ ತೆಗೆದಳು. ಬೈಯಲಿ ಅಂತ ಅವನು ಕಾದ. ಅವಳ ಬೈಗುಳಕ್ಕೆ ಸಂತೆಯೇ ಹೆದರುತ್ತಿತ್ತು.

“ಹೋಗ್ಲಿ,” ಅಂದಳು. “ಕಲ್ಲು ತಾನೇ. ಜಾಗ ತೋರ್ಸಪ್ಪ. ಎಲ್ಲಿಂದ ಎತ್ದೆ ಅದ್ನ?”

ಅವನು ಅವಳನ್ನು ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋದ. ನೆಲ ನುಣ್ಣಗಿತ್ತು. ಅವನೇ ಮಾಡಿದ ಮಟ್ಟ. ಕಳ್ಳಿಯ ಬೇರು ಕೂಡ ಉಳಿದಿರಲಿಲ್ಲ.

“ಇಲ್ಲಿ ಅನ್ಸುತ್ತೆ,” ಅಂದ. ಎರಡು ಹೆಜ್ಜೆ ಸರಿದ. “ಇಲ್ಲ, ಇಲ್ಲಿ.” ಮತ್ತೆ ಸರಿದ.

ಚೌರಮ್ಮ ಅವನ ತೋಳು ಹಿಡಿದು ನಿಲ್ಲಿಸಿದಳು.

“ಸಾಕು ಬುಡಪ್ಪ. ತುಳೀಬೇಡ.”

ಬುಟ್ಟಿ ಹೊತ್ತುಕೊಂಡು ಹೋದಳು. ಅಂದು ಅವಳು ಮೀನು ಕೂಗಿದ್ದು ಯಾರಿಗೂ ಕೇಳಲಿಲ್ಲ.

ಇನ್ನಾಸಿ ಒಳಗೆ ಹೋಗಿ ಗೋಡೆಯ ಕ್ಯಾಲೆಂಡರುಗಳನ್ನೆಲ್ಲ ಕಿತ್ತ. ಬಟ್ಟೆ ಚೀಲಕ್ಕೆ ತುಂಬಿದ.

“ಎಲ್ಲಿಗೆ?” ಅಂದರು ಗುರು.

“ಗುರುಮಠಕ್ಕೆ. ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲ ಫಾದರ್. ಬೇರೆಯವರನ್ನು ಕಳಿಸಿ ಅಂತ ಹೇಳ್ತೀನಿ.”

“ನಾನೂ ಹಾಗೇ ಹೋಗಿದ್ದೆ. ಬೇರೆ ಊರಿಗೆ. ಹಾರೆ ಎಲ್ಲಿ?”

“ಹೊರಗಿದೆ.”

ಗುರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊರಗೆ ಹೋಗಿ ಹಾರೆ ತೆಗೆದುಕೊಂಡರು. ನೇರ ಸಮಾಧಿ ತೋಟಕ್ಕೆ ಹೋಗಿ, ಹಿಂದಿನ ಗೋಡೆಯ ಸಂದಿಗೆ ಹಾರೆ ಇಟ್ಟು ಮೀಟಿದರು. ಒಂದು ಇಟ್ಟಿಗೆ ಬಿತ್ತು. ಆ ವಯಸ್ಸಿಗೆ ಅದೇ ದೊಡ್ಡದು.

ಇನ್ನಾಸಿ ಚೀಲ ಬಿಟ್ಟು ಓಡಿ ಬಂದ.

“ಫಾದರ್! ಡಾಕ್ಟರು ಬಗ್ಗಬೇಡಿ ಅಂದಿದ್ದಾರೆ!”

“ಮೂವತ್ತೆಂಟು ವರ್ಷ ಬಗ್ಗಲಿಲ್ಲ.”

ಇನ್ನಾಸಿ ಹಾರೆ ಕಿತ್ತುಕೊಂಡ. ತಾನೇ ಮೀಟಿದ. ಶಬ್ದಕ್ಕೆ ಜನ ಸೇರಿದರು. ಸ್ವಾಮೇರಿಗೆ ಆಪರೇಷನ್ ತಲೆಗೂ ಆಗಿದೆಯಾ ಅಂತ ಒಬ್ಬ ಕೇಳಿದ. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಕೇಳಿದವನೇ ಅಂಗಿ ಬಿಚ್ಚಿ ಇಟ್ಟಿಗೆ ಹೊತ್ತ.

ಸಂಜೆಯ ಹೊತ್ತಿಗೆ ಹಿಂದಿನ ಗೋಡೆ ಇರಲಿಲ್ಲ. ಒಳಗಿನ ನೆಲ, ಹೊರಗಿನ ನೆಲ ಒಂದೇ ಆಗಿತ್ತು.

ಗುರು ಚೌರಮ್ಮನ ಮನೆಗೆ ತಾವೇ ಹೋದರು. ಏನು ಹೇಳಿದರೋ, ಎಷ್ಟು ಹೇಳಿದರೋ ಯಾರಿಗೂ ಗೊತ್ತಿಲ್ಲ. ಬಾಗಿಲು ಮುಚ್ಚಿತ್ತು. ಬರುವಾಗ ಇಬ್ಬರೂ ಜೊತೆಗೆ ಬಂದರು. ಅವಳು ಮುಂದೆ, ಅವರು ಹಿಂದೆ.

ಗುರು ಹೊಂಗೆ ಮರದ ಕೆಳಗೆ ನಿಂತು ಪ್ರಾರ್ಥನೆ ಓದಿದರು. ಈ ಕಡೆಯಿಂದ ಆ ಕಡೆಯವರೆಗೆ ತೀರ್ಥ ಚಿಮುಕಿಸಿದರು. ಮಣ್ಣಿನ ಮೇಲೆ ಹನಿ ಬಿದ್ದು ಇಂಗಿತು.

ಆರು ಜನ ಹೆಂಗಸರು ತಮ್ಮ ತಮ್ಮ ಬತ್ತಿ ಇಟ್ಟರು, ಕಲ್ಲು ಸಿಕ್ಕವರು ಕಲ್ಲನ್ನೂ ತಂದು ಅದರ ಮುಂದೆ. ಕಲ್ಲು ಗವಿಯಲ್ಲೇ ಬಿಟ್ಟವಳು ಅಂದಾಜಿನ ಮೇಲೆ ಇಟ್ಟಳು.

ಚೌರಮ್ಮ ಇಡಲಿಲ್ಲ. ಬತ್ತಿ ಹಿಡಿದು ನೆಲದ ಉದ್ದಕ್ಕೂ ನಡೆದಳು, ಮತ್ತೆ ಬಂದಳು, ಮತ್ತೆ ನಡೆದಳು. ಕೊನೆಗೆ ಎಲ್ಲೂ ನಿಲ್ಲಲಾಗದೆ ಅಂಚಿನಲ್ಲಿ ಕೂತಳು. ಮೇಣ ಬೆರಳಿನ ಮೇಲೆ ಇಳಿಯುತ್ತಿತ್ತು. ಅವಳು ಕೈ ಅಲುಗಿಸಲಿಲ್ಲ.

ಇನ್ನಾಸಿ ಗುರುವಿನ ಹತ್ತಿರ ಬಂದು ಪಿಸುಗುಟ್ಟಿದ.

“ಫಾದರ್, ಬತ್ತಿ ಮುಗೀತಾ ಬಂತು. ಎಲ್ಲಿಡಲಿ ಅಂತ ಅವರಿಗೆ ಗೊತ್ತಾಗ್ತಿಲ್ಲ. ಹೋಗಿ ಏನು ಹೇಳಲಿ?”

ಗುರು ಶಿಷ್ಯನ ಕಾಲಿನ ಕಡೆ ನೋಡಿದರು.

“ಆ ಮಗು ಎಲ್ಲಿದೆ ಅಂತ ಇನ್ನು ಯಾರಿಗೂ ಗೊತ್ತಾಗುವುದಿಲ್ಲ, ಇನ್ನಾಸಿ. ಚಪ್ಪಲಿ ಬಿಟ್ಟು ನಡಿ.”