ಕೇಳದೆ ಪೊಟರೆ ಹೊಕ್ಕ ಸಿಂಗಾರಿ

ಮಂಜು ಹತ್ತಿಯಂತೆ ತೇಲುವ ಒಂದು ಕಾಡು. ಆ ಕಾಡಿನ ಹಳೇ ಮರದಲ್ಲಿ ಸಿಂಗಾರಿ ಎಂಬ ಅಳಿಲು ಇದ್ದಳು, ಮಕ್ಕಳೇ. ಬರುವ ಹುಣ್ಣಿಮೆಗೆ ಅವಳ ಮದುವೆ. ಹೊಳೆಯಾಚೆಯ ಗಂಡು, ಅವನ ಬಾಲ ನೋಡಿದರೆ ಕಣ್ಣು ತಂಪಾಗಬೇಕು! ಹುಡುಗಿಗೆ ಹಗಲಲ್ಲೂ ಅವನದೇ ಕನಸು.

ಅದೇ ಮರದ ಪೊಟರೆಗೆ ಮಂಗಟ್ಟೆ ಹಕ್ಕಿ ಕೊಂಬಮ್ಮ ಬಂದಳು. ಬಾಳೆಹಣ್ಣಿನಂಥ ಹಳದಿ ಕೊಕ್ಕು, ಅದರ ಮೇಲೊಂದು ಕಿರೀಟ, ಬಿಂಕಕ್ಕೆ ಕೇಳಬೇಕೆ! ಜೊತೆಗಿರಲು ಆಳು ಬೇಕೆಂದು ಸಾರಿದಳು. ಮದುವೆಗೆ ಮೊದಲು ಒಂದಿಷ್ಟು ಮೈ ತುಂಬಿಕೊಳ್ಳೋಣವೆಂದು ಸಿಂಗಾರಿ ಓಡಿದಳು.

"ನಾನು ಮೊಟ್ಟೆಗೆ ಕೂತಾಗ ಕಾಲೊತ್ತಬೇಕು, ಕತೆ ಹೇಳಬೇಕು. ಹಣ್ಣು ನಮ್ಮ ಯಜಮಾನರು ಬಾಯಿಗೇ ತಂದುಕೊಡ್ತಾರೆ. ಏನಾದ್ರೂ ಕೇಳೋದಿದೆಯೇನೇ?"

ಸಿಂಗಾರಿಯ ಕಿವಿಗೆ ಬಿದ್ದಿದ್ದು ಹಣ್ಣೊಂದೇ. ಆಗಲೇ ಹಗಲುಗನಸು: ಮೋಡದಿಂದ ಅತ್ತಿಹಣ್ಣು ಉದುರುತ್ತಿದೆ, ತಾನು ಬಾಯಿ ತೆರೆದು ಗಾಳಿಯಲ್ಲಿ ತೇಲುತ್ತಿದ್ದೇನೆ... ಕೇಳಿದರೆ ದಡ್ಡಿ ಅಂದುಕೊಂಡಾಳು ಎಂದು ಕೋಲೆಬಸವನ ಹಾಗೆ ತಲೆಯಾಡಿಸಿದಳು.

"ಏನೂ ಇಲ್ಲ ಅಮ್ಮಾವ್ರೆ!"

ಪಕ್ಕದ ಕೊಂಬೆಯ ಗೊರವಂಕ ದೇವೀರಿಗೆ ಬಾಯಿ ಮುಚ್ಚಿಕೊಂಡಿರಲಾಗಲಿಲ್ಲ. "ಲೇ, ಕೆಲಸ ಎಲ್ಲೀವರೆಗೆ, ಬಿಡುವು ಯಾವಾಗ, ಕೇಳಿದ್ಯೇನೇ?"

"ನಿನಗೆ ಹೊಟ್ಟೆಕಿಚ್ಚು ಕಣೇ!" ಎಂದು ಬಾಲ ಕುಣಿಸಿ ಸಿಂಗಾರಿ ಪೊಟರೆ ಹೊಕ್ಕಳು.

ಹೊಕ್ಕಿದ್ದೇ ತಡ, ಕೊಂಬಮ್ಮ ಮಣ್ಣು, ಹಿಕ್ಕೆ ಕಲಸಿ ಬಾಗಿಲಿಗೆ ಮೆತ್ತಿದಳು. ಕೊಕ್ಕು ತೂರುವಷ್ಟು ಸಂದಿ ಮಾತ್ರ ಉಳಿಯಿತು.

"ಅಯ್ಯೋ, ಇದೇನು ಅಮ್ಮಾವ್ರೆ!"

"ಮರಿ ಬಲಿಯೋವರೆಗೂ ಹೀಗೇ. ನಮ್ಮ ಕುಲದ ಪದ್ಧತಿ. ಗೋಡೆ ಒಡೆದ್ರೆ ಉಡ ಬಂದು ಮೊಟ್ಟೆ ನುಂಗುತ್ತೆ. ಕೇಳಿದ್ರೆ ಹೇಳ್ತಿದ್ದೆ, ನೀನೇ ಏನೂ ಇಲ್ಲ ಅಂದೆಯಲ್ಲ!"

"ಹುಣ್ಣಿಮೆಗೆ ನನ್ನ ಮದುವೆ!"

"ಅದನ್ನಾದ್ರೂ ನೀನು ಹೇಳಿದ್ಯಾ?"

ಹುಣ್ಣಿಮೆಯ ಸಂಜೆ ಕಾಡೆಲ್ಲ ಹಾಲಲ್ಲಿ ಅದ್ದಿದ ಹಾಗಿತ್ತು. ಜೀರುಂಡೆಗಳ ವಾಲಗ. ಮರದ ಬುಡಕ್ಕೆ ದಿಬ್ಬಣ ಬಂದು ನಿಂತಿತು. ಸಿಂಗಾರಿ ಸಂದಿಯಿಂದ ಚೀರಿದಳು. ಆ ವಾಲಗದಲ್ಲಿ ಯಾರಿಗೆ ಕೇಳಬೇಕು? ದೇವೀರಿಯೇ ಗಂಡಿನ ತಾಯಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು.

"ಹಣ್ಣು ಬಾಯಿಗೇ ಬರುತ್ತೆ ಅಂತ ಮದುವೆ ಮರೆತವಳು ನಮ್ಮ ಮನೆ ಬೆಳಗ್ತಾಳಾ?" ಎಂದಳು ಆ ಮಹಾತಾಯಿ. ಸಿಂಗಾರಿಯ ಚಿಕ್ಕಪ್ಪನ ಮಗಳನ್ನು ಅಲ್ಲೇ ಹಸೆಗೆ ಕೂರಿಸಿದರು.

ಬೆಳಿಗ್ಗೆ ಸಂದಿಯೊಳಗೆ ಯಜಮಾನರ ಕೊಕ್ಕು ತೂರಿತು. "ತಗೋಳಮ್ಮ, ನಿನ್ನ ತಂಗಿ ಮದುವೆ ಊಟದ ಹಣ್ಣು. ಗಂಡು ಬಲು ಲಕ್ಷಣವಾಗಿದ್ದಾನೆ!"

ನೀತಿ: ಕೆಲಸಕ್ಕೆ ಹೂಂ ಅನ್ನುವ ಮೊದಲು ಕೆಲಸವೇನು, ಬಿಡುಗಡೆ ಯಾವಾಗ ಎಂದು ಬಾಯಿಬಿಟ್ಟು ಕೇಳಬೇಕು, ನಮ್ಮ ಅಗತ್ಯವನ್ನೂ ಹೇಳಬೇಕು.